ಮಾಲೆಲ್ಲ ಮಾರಾಟವಾಯಿತು, ಡಬ್ಬಿಯಲ್ಲಿ ಬೆಳ್ಳಿ ಮಾತ್ರ ಉಳಿಯಲಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ನಿಪ್ಪಾಣಿ ತಾಲೂಕಿನ ಗಡಿಯಲ್ಲಿರುವ ಹಳ್ಳಿ. ಮಾವನವರು ನಲವತ್ತು ವರ್ಷ, ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಬೆಳ್ಳಿ ಕೆಲಸದ ಊರು ಹುಪರಿಯ ವ್ಯಾಪಾರಿಗಳಿಗೆ ಬೆಳ್ಳಿ ಗೆಜ್ಜೆ ಮಾಡಿಕೊಟ್ಟವರು. ಮೂರು ವರ್ಷದ ಹಿಂದೆ ನಾನು ಸ್ವಂತದ್ದು ಶುರು ಮಾಡಿದೆ. ಕೈಯಲ್ಲೇ ಮಾಡಿದ ಗೆಜ್ಜೆ, ಕಾಲುಂಗುರ, ಜುಮಕಿ. ವಾಟ್ಸಾಪ್‌ನಲ್ಲಿ ಫೋಟೋ ಮತ್ತು ಬೆಲೆ ಹಾಕಿ ಮಾರುತ್ತೇನೆ. 2025ರ ಜನವರಿಯಲ್ಲಿ ಕೂಡಿಟ್ಟ ದುಡ್ಡಿನಲ್ಲಿ 1 ಕೆಜಿ ಬೆಳ್ಳಿ ತಂದೆ. ವರ್ಷವಿಡೀ ಕೆಲಸವಿತ್ತು, ಮಾಡಿದ ಮಾಲೆಲ್ಲ ಹೋಯಿತು, ಯಾರ ಸಾಲವೂ ಇಲ್ಲ. ಆದರೆ ವರ್ಷದ ಕೊನೆಗೆ ಇದ್ದ ದುಡ್ಡಿಗೆ ಅರ್ಧ ಕೆಜಿ ಬೆಳ್ಳಿಯೂ ಬರಲಿಲ್ಲ. ಲಾಭ ಎಲ್ಲಿ ಹೋಯಿತು? ದರ ಇನ್ನೂ ಏರುತ್ತದೆ ಎನ್ನುತ್ತಾರೆ, ಸಾಲ ಮಾಡಿ ಈಗಲೇ ಬೆಳ್ಳಿ ಕೊಂಡಿಡಲೇ? ಪಕ್ಕದವರು ಟಂಚ್ (ನೂರರಲ್ಲಿ ಚೊಕ್ಕ ಬೆಳ್ಳಿ ಎಷ್ಟು ಎಂಬ ಲೆಕ್ಕ) ಇಳಿಸಿ ಮಾಡುತ್ತಿದ್ದಾರೆ, ಕೆಲವರು ಜರ್ಮನ್ ಸಿಲ್ವರ್‌ಗೆ ಹೋದರು. ನಾನೇನು ಮಾಡಲಿ?

ಉತ್ತರ: ತಂಗಿ, ನಿಮ್ಮ ದುಡ್ಡು ಎಲ್ಲೂ ಕಳೆದಿಲ್ಲ, ಯಾರೂ ನಿಮಗೆ ಮೋಸ ಮಾಡಿಲ್ಲ. ವರ್ಷವಿಡೀ ದುಡಿದ ಮಜೂರಿಯನ್ನು, ಅದರ ಜೊತೆಗೆ ಬಂಡವಾಳದ ಒಂದು ಪಾಲನ್ನೂ, ಗೊತ್ತಿಲ್ಲದೆ ಗಿರಾಕಿಗಳ ಕಾಲಿಗೆ ಕಟ್ಟಿ ಕಳಿಸಿದ್ದೀರಿ. ನಾನು ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಯಲ್ಲಿ ಹುಟ್ಟಿ, ಆಮೇಲೆ ಲೆಕ್ಕಪತ್ರದ ಕೆಲಸಕ್ಕೆ ಬಂದವನು. ಕೈಕೆಲಸದವರ ಲೆಕ್ಕ ನೋಡುವಾಗ ಈ ಒಂದು ವರ್ಷದಲ್ಲಿ ನಿಮ್ಮಂಥವರ ಎಷ್ಟೋ ಪುಸ್ತಕಗಳಲ್ಲಿ ಇದೇ ತೂತು ಕಂಡಿದ್ದೇನೆ.

ಅಂಕಿಯಲ್ಲೇ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ಚೊಕ್ಕ ಬೆಳ್ಳಿಯ ದರವನ್ನೇ ಹಿಡಿಯುತ್ತೇನೆ, ತೆರಿಗೆ ಬಿಡುತ್ತೇನೆ. 2025ರ ಜನವರಿಯಲ್ಲಿ ಕೆಜಿಗೆ 90 ಸಾವಿರದ ಆಸುಪಾಸಿನಲ್ಲಿ ಬೆಳ್ಳಿ ತಂದಿರಿ. ಅದರಲ್ಲಿ 100 ಗ್ರಾಂನ ಹತ್ತು ಜೋಡಿ ಗೆಜ್ಜೆ ಮಾಡಿದಿರಿ ಎನ್ನೋಣ. ಜೋಡಿಗೆ ಬೆಳ್ಳಿಯ ದುಡ್ಡು 9,000, ಮಜೂರಿ 2,000, ಒಟ್ಟು 11,000. ಅದೇ ಬೆಲೆ ಫೋಟೋದ ಕೆಳಗೆ ಬರೆದಿರಿ. ಹತ್ತೂ ಜೋಡಿ ಹೋದವು, ಕೈಗೆ 1 ಲಕ್ಷ 10 ಸಾವಿರ ಬಂತು. 20 ಸಾವಿರ ಉಳಿಯಿತು ಎಂದು ಸಮಾಧಾನವಾಯಿತು. ಆದರೆ ಆ ಸೆಪ್ಟೆಂಬರ್‌ನಲ್ಲಿ ದರ 1 ಲಕ್ಷ 20 ಸಾವಿರ ದಾಟಿತ್ತು. ಅಂದೇ ಹೋಗಿ ಪೂರಾ ದುಡ್ಡಿಗೆ ಬೆಳ್ಳಿ ಕೊಂಡಿದ್ದರೂ 916 ಗ್ರಾಂ ದಾಟುತ್ತಿರಲಿಲ್ಲ. ಒಂದು ಕೆಜಿ ಬೆಳ್ಳಿ, ಅದರ ಮೇಲೆ ಅಷ್ಟೂ ದಿನದ ದುಡಿಮೆ ಹಾಕಿ, 84 ಗ್ರಾಂ ಕಡಿಮೆ ಬೆಳ್ಳಿ ವಾಪಸು ತಂದಂತಾಯಿತು. ದುಡ್ಡನ್ನು ಹಾಗೇ ಇಟ್ಟುಕೊಂಡು ಡಿಸೆಂಬರ್‌ನಲ್ಲಿ ಸರಾಫ ಪೇಟೆಗೆ ಹೋದಿರೋ, ದರ 2 ಲಕ್ಷ ದಾಟಿದೆ, ಅದೇ 1 ಲಕ್ಷ 10 ಸಾವಿರಕ್ಕೆ ಸಿಗುವುದು 550 ಗ್ರಾಂ. ಮನೆ ಖರ್ಚಿಗೂ ಸ್ವಲ್ಪ ತೆಗೆದಿರುತ್ತೀರಿ. ನಿಮ್ಮ ಅರ್ಧ ಕೆಜಿಯ ಲೆಕ್ಕ ಇಲ್ಲಿಗೆ ಸರಿಹೋಯಿತು.

ಮಾವನವರಿಗೆ ಯಾಕೆ ಹೀಗೆ ಆಗಲಿಲ್ಲ ಎಂದು ಮನೆಯಲ್ಲಿ ಮಾತು ಬಂದಿರಬಹುದು. ಅವರ ಕಾಲದಲ್ಲೂ ದರ ಜಿಗಿದಿದೆ, ಬಿದ್ದಿದೆ. ಆದರೆ ಅವರ ಕೈಯಲ್ಲಿದ್ದ ಬೆಳ್ಳಿ ಅವರದಾಗಿರಲಿಲ್ಲ. ಹುಪರಿಯ ವ್ಯಾಪಾರಿ ತೂಕ ಮಾಡಿ ಗಟ್ಟಿ ಕೊಡುತ್ತಿದ್ದ, ಇವರು ತೇಮಾನ (ಕೆಲಸದಲ್ಲಿ ಸವೆದುಹೋಗುವ ತೂಕ) ಕಳೆದು ಅಷ್ಟೇ ತೂಕದ ಮಾಲು ಒಪ್ಪಿಸುತ್ತಿದ್ದರು, ಮಜೂರಿ ಎಣಿಸಿಕೊಂಡು ಬರುತ್ತಿದ್ದರು. ದರದ ಏರಿಳಿತವೆಲ್ಲ ವ್ಯಾಪಾರಿಯ ತಲೆನೋವು. ಆ ವ್ಯಾಪಾರಿಯಾದರೂ ಬಾಕಿಯನ್ನು ರೂಪಾಯಿಯಲ್ಲಿ ಬರೆಯುತ್ತಿರಲಿಲ್ಲ, ಇಂಥವರ ಕಡೆ ಇಷ್ಟು ಬೆಳ್ಳಿ ಎಂದೇ ಬರೆಯುತ್ತಿದ್ದ. ನೀವು ಸ್ವಂತದ್ದು ಶುರು ಮಾಡಿದಾಗ ಕೆಲಸಗಾರರಷ್ಟೇ ಆಗಿ ಉಳಿಯಲಿಲ್ಲ, ಬೆಳ್ಳಿ ವ್ಯಾಪಾರಿಯೂ ಆದಿರಿ. ವ್ಯಾಪಾರಿಯ ಅಪಾಯ ನಿಮ್ಮ ಹೆಗಲಿಗೆ ಬಂತು, ಆತನ ಲೆಕ್ಕದ ಪುಸ್ತಕ ಮಾತ್ರ ಬರಲಿಲ್ಲ.

ಆ ಪುಸ್ತಕವನ್ನು ಈಗ ಮಾಡಿಕೊಳ್ಳಿ. ದೊಡ್ಡದೇನೂ ಬೇಡ, ನೂರು ಪುಟದ ನೋಟ್‌ಬುಕ್ ಸಾಕು. ಒಂದು ಕಡೆ ಗ್ರಾಂ, ಒಂದು ಕಡೆ ರೂಪಾಯಿ. ಪ್ರತಿ ಶನಿವಾರ ಸಂಜೆ ಮನೆಯಲ್ಲಿರುವ ಬೆಳ್ಳಿಯನ್ನೆಲ್ಲ ತೂಗಿ: ಗಟ್ಟಿ, ತಂತಿ, ಅರ್ಧ ಆದ ಗೆಜ್ಜೆ, ತಯಾರಾದ ಮಾಲು, ಚೂರು, ಅರದ ಪುಡಿ. ಯಾರಾದರೂ ಬೆಳ್ಳಿ ಕೊಡಬೇಕಿದ್ದರೆ ಕೂಡಿಸಿ, ಗಿರಾಕಿಯ ಹಳೆ ಬೆಳ್ಳಿ ನಿಮ್ಮ ಹತ್ತಿರ ಇದ್ದರೆ ಕಳೆಯಿರಿ. ಆ ಅಂಕಿಯೇ ನಿಮ್ಮ ಬಂಡವಾಳ. ಹೋದ ವಾರ 1,000 ಇದ್ದದ್ದು ಈ ವಾರ 940 ಆಗಿದ್ದರೆ ಆ 60 ಗ್ರಾಂ ಬೆಳ್ಳಿಯ ದುಡ್ಡು ಎಲ್ಲಿದೆ ಎಂದು ಅಂದೇ ಹುಡುಕಬೇಕು, ವರ್ಷದ ಕೊನೆಗಲ್ಲ.

ಇದರ ಜೊತೆಗೆ ಒಂದು ಕಟ್ಟುನಿಟ್ಟು ಬೇಕು. ಮಾಲು ಮಾರಿದ ದಿನವೇ, ಅದರಲ್ಲಿ ಹೋದಷ್ಟು ಗ್ರಾಂ ಬೆಳ್ಳಿಯನ್ನು ವಾಪಸು ಕೊಳ್ಳಿ. ಒಂದು ಕಾಲುಂಗುರ ಮಾರಿದ್ದಕ್ಕೆ ನಿಪ್ಪಾಣಿಗೆ ಓಡಿಹೋಗಲು ಆಗುವುದಿಲ್ಲ, ಒಪ್ಪುತ್ತೇನೆ. ಹಾಗಾದರೆ ಬೆಳ್ಳಿಯ ದುಡ್ಡನ್ನು ಬೇರೆ ಡಬ್ಬಿಗೆ ಹಾಕಿ, ವಾರಕ್ಕೊಮ್ಮೆ ಒಟ್ಟಿಗೆ ತನ್ನಿ. ಆ ಡಬ್ಬಿಯಿಂದ ಹಾಲಿನವನಿಗೂ ಕೊಡಬಾರದು, ಮಕ್ಕಳ ಫೀಸಿಗೂ ತೆಗೆಯಬಾರದು. ಮನೆಗೆ ಸೇರಬೇಕಾದದ್ದು ಮಜೂರಿ ಮಾತ್ರ. ಹೀಗೆ ನಡೆದರೆ ದರ ಏರಿದರೂ ಇಳಿದರೂ ಬಂಡವಾಳದ ತೂಕ ಹಾಗೇ ನಿಲ್ಲುತ್ತದೆ.

ಇದು ನಡೆಯಬೇಕಾದರೆ ಮಾರುವ ಬೆಲೆಯೂ ಅಂದಿನ ದರದ್ದೇ ಆಗಿರಬೇಕು. ಫೋಟೋದ ಕೆಳಗೆ ‘11,000 ರೂಪಾಯಿ’ ಎಂದು ಬರೆದು ತಿಂಗಳುಗಟ್ಟಲೆ ಬಿಡುವುದನ್ನು ಇವತ್ತೇ ನಿಲ್ಲಿಸಿ. ‘ತೂಕ 100 ಗ್ರಾಂ, ಮಜೂರಿ 2,000, ಬೆಳ್ಳಿಗೆ ಆ ದಿನದ ದರ’ ಎಂದು ಬರೆಯಿರಿ. ‘ನೀವು ಕಡಿಮೆಗೆ ತಂದದ್ದಲ್ಲವೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ನಾಳೆ ದರ ಇಳಿದಾಗ ಅವರು ನೀವು ತಂದ ಹಳೆಯ ದುಬಾರಿ ದರ ಕೊಡುವುದಿಲ್ಲ, ಅಂದಿನ ದರವನ್ನೇ ಕೇಳುತ್ತಾರೆ. ಎರಡೂ ಕಡೆ ಒಂದೇ ನ್ಯಾಯ ಎಂದು ಸಮಾಧಾನದಿಂದ ಹೇಳಿ. ಆರ್ಡರ್ ಹಿಡಿಯುವಾಗ ಇನ್ನೂ ಎಚ್ಚರ ಬೇಕು. 250 ಗ್ರಾಂ ಉಡಿದಾರಕ್ಕೆ 2,000 ಮುಂಗಡ ಕೊಟ್ಟು ‘ಇವತ್ತಿನ ದರವೇ ಹಿಡಿಯಿರಿ’ ಎನ್ನುವವರು ಬರುತ್ತಾರೆ. ಬೆಳ್ಳಿಯ ಪೂರ್ತಿ ದುಡ್ಡು ಮುಂಗಡ ಬಂದರೆ ದರ ಕಟ್ಟಿಹಾಕಿ, ಅಂದೇ ಬೆಳ್ಳಿ ತಂದಿಡಿ. ಬರದಿದ್ದರೆ ಮಾಲು ಒಪ್ಪಿಸುವ ದಿನದ ದರ. ನೆಂಟರಿಗೂ ಇದೇ ಮಾತು. ನೆಂಟರ ಮದುವೆಯಲ್ಲೇ ಈ ಕಸುಬಿನವರು ಹೆಚ್ಚು ಕಳೆದುಕೊಂಡಿರುವುದನ್ನು ನಾನು ಕಂಡಿದ್ದೇನೆ.

ಈಗ ಮಜೂರಿಯ ವಿಷಯ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ದರ ಏರಿದಾಗ ಗಿರಾಕಿ ಗೆಜ್ಜೆ ಬೇಡ ಎನ್ನುವುದಿಲ್ಲ, ಹಗುರ ಮಾಡಿಕೊಡಿ ಎನ್ನುತ್ತಾಳೆ. 100 ಗ್ರಾಂ ತೊಡುತ್ತಿದ್ದವಳು 60 ಗ್ರಾಂ ಕೇಳುತ್ತಾಳೆ. ನಿಮ್ಮ ಕಡೆ ಮಜೂರಿ ಗ್ರಾಂ ಲೆಕ್ಕದ್ದು. ಗ್ರಾಂಗೆ 20 ರೂಪಾಯಿ ಎಂದರೆ 100 ಗ್ರಾಂಗೆ 2,000 ಸಿಗುತ್ತಿತ್ತು, 60 ಗ್ರಾಂಗೆ 1,200 ಸಿಗುತ್ತದೆ. ಕೆಲಸ ಕಡಿಮೆಯಾಯಿತೇ? ಕೊಂಡಿಗಳು ಅಷ್ಟೇ, ಬೆಸುಗೆ ಅಷ್ಟೇ, ಗೆಜ್ಜೆ ಕಾಳು ಕೂಡಿಸುವುದು ಅಷ್ಟೇ. ತಂತಿ ಸಣ್ಣದಾದಷ್ಟೂ ಬೆಸುಗೆಗೆ ಕೈ ಬಿಗಿ ಹಿಡಿಯಬೇಕು, ಉರಿ ಒಂದು ಕ್ಷಣ ಹೆಚ್ಚಾದರೆ ಬೆಸುಗೆಯ ಜೊತೆ ಕೊಂಡಿಯೇ ಕರಗಿ ಗುಂಡಾಗುತ್ತದೆ. ಹೆಚ್ಚು ಹುಷಾರಿನ ಕೆಲಸಕ್ಕೆ ಕಡಿಮೆ ಕೂಲಿ ಸಿಕ್ಕಂತಾಯಿತು. ಎರಡು ದಿನದ ಕೆಲಸ ಎಂದರೆ ದಿನಕ್ಕೆ 1,000 ಇದ್ದದ್ದು 600ಕ್ಕೆ ಇಳಿಯಿತು. ಬೆಳ್ಳಿ ದುಬಾರಿಯಾದ ವರ್ಷವೇ ಅದನ್ನು ತಟ್ಟುವ ಕೈ ಅಗ್ಗವಾಯಿತು.

ಹಾಗಾಗಿ ಮಜೂರಿಯನ್ನು ತೂಕದಿಂದ ಬಿಡಿಸಿ, ನಗಕ್ಕೆ ಇಷ್ಟು ಎಂದು ಹೇಳಿ. ಒಂದು ಜೋಡಿಗೆ ಎಷ್ಟು ತಾಸು ಹಿಡಿಯುತ್ತದೆ ಎಂದು ಒಂದು ತಿಂಗಳು ಬರೆದಿಡಿ. ತಂತಿ ಎಳೆಯುವುದು, ಕೊಂಡಿ ಕೂಡಿಸುವುದು, ಬೆಸುಗೆ, ಅರ ಹಾಕುವುದು, ಮೆರುಗು ಎಲ್ಲ ಸೇರಿಸಿ. ಆಮೇಲೆ ಬಿಲ್ಲಿನಲ್ಲಿ ಬೆಳ್ಳಿ ಒಂದು ಸಾಲು, ಕೆಲಸ ಇನ್ನೊಂದು ಸಾಲು. ಗಿರಾಕಿ ಬೆಚ್ಚುತ್ತಾಳೆ ಎಂಬ ಭಯ ಬೇಡ. ಕೆಜಿಗೆ 2 ಲಕ್ಷ ಇದ್ದಾಗ 60 ಗ್ರಾಂ ಗೆಜ್ಜೆಗೆ ಬೆಳ್ಳಿ 12,000, ಮಜೂರಿ 2,000, ಒಟ್ಟು 14,000. ಅದರಲ್ಲಿ ಕೆಲಸದ ಪಾಲು ಏಳರಲ್ಲಿ ಒಂದು. ಹಳೆಯ ಗೆಜ್ಜೆಯಲ್ಲಿ 11,000ಕ್ಕೆ 2,000 ಇತ್ತು, ಅಂದರೆ ಈಗಲೇ ನಿಮ್ಮ ಪಾಲು ಮೊದಲಿಗಿಂತ ಸಣ್ಣದು. ಚೌಕಾಸಿ ಮಾಡುವವರು ಬೆಳ್ಳಿಯ ದರವನ್ನು ಅಲುಗಾಡಿಸಲಾರರು, ಅದು ಫೋನಿನಲ್ಲೇ ಕಾಣುತ್ತದೆ. ಅವರು ಕೈಹಾಕುವುದು ಮಜೂರಿಗೇ. ಅಲ್ಲಿ ನಿಂತು ಮಾತಾಡಲು ನಿಮಗೆ ತಾಸಿನ ಲೆಕ್ಕ ಬೇಕು. ನಿಮ್ಮ ಜೊತೆ ಕೊಂಡಿ ಕೂಡಿಸುವ ಹೆಂಗಸರಿದ್ದರೆ ಅವರಿಗೂ ಇದೇ ಲೆಕ್ಕ ಸಲ್ಲಬೇಕು. ಕೆಜಿಗೆ ಇಷ್ಟು ಎಂದು ಕೊಡುತ್ತಿದ್ದರೆ, ತೂಕ ಇಳಿದ ಹೊರೆಯನ್ನು ನಿಮಗಿಂತ ಬಡವರ ಮೇಲೆ ಜಾರಿಸಿದಂತಾಗುತ್ತದೆ.

ಹಗುರ ಮಾಡುವುದಕ್ಕೂ ಒಂದು ಮಿತಿ ಇದೆ. ದಿನವೂ ತೊಡುವ ಕಾಲುಂಗುರ ತೀರ ತೆಳುವಾದರೆ ಬಾಗುತ್ತದೆ, ಸೀರೆಯ ಅಂಚಿಗೆ ಸಿಕ್ಕಿ ತೆರೆದುಕೊಳ್ಳುತ್ತದೆ, ಆರು ತಿಂಗಳಿಗೆ ರಿಪೇರಿಗೆ ಬರುತ್ತದೆ. ಅಲ್ಲಿ ತೂಕ ಉಳಿಸಿ. ಜುಮಕಿಯಲ್ಲಿ ತೆಳು ತಗಡಿನ ಕೆಲಸ ನಡೆಯುತ್ತದೆ, ಹಗುರವಿದ್ದಷ್ಟೂ ಕಿವಿಗೂ ಒಳ್ಳೆಯದು. ನಾನಾದರೆ ಭಾರದ ಗೆಜ್ಜೆಯನ್ನು ಮುಂಗಡದ ಆರ್ಡರಿಗೆ ಮಾತ್ರ ಇಟ್ಟುಕೊಂಡು, ಮನೆಯಲ್ಲಿ ಮಾಡಿಡುವ ಮಾಲಿನಲ್ಲಿ ಜುಮಕಿ, ಓಲೆಗಳನ್ನು ಹೆಚ್ಚಿಸುತ್ತಿದ್ದೆ.

ಇನ್ನು ಪುಡಿ. ನಮ್ಮ ತಂದೆ ಕೆಲಸ ಮುಗಿಸಿ ಎದ್ದರೆ ಮೊದಲು ಪಂಚೆ ಕೊಡವುತ್ತಿದ್ದರು, ಅದೂ ಕೆಳಗೆ ಹಾಸಿದ ಬಟ್ಟೆಯ ಮೇಲೆ. ಕೈ ತೊಳೆದ ನೀರು ಒಂದು ಮಣ್ಣಿನ ತೊಟ್ಟಿಗೆ ಹೋಗುತ್ತಿತ್ತು, ವರ್ಷಕ್ಕೊಮ್ಮೆ ಅದರ ತಳದ ಕೆಸರು ತೆಗೆಯುತ್ತಿದ್ದರು. ಪತ್ತಾರರ ಓಣಿಯ ಮಣ್ಣು ತೊಳೆದೇ ಹೊಟ್ಟೆ ಹೊರೆಯುವವರು ಇದ್ದರು ಎಂದರೆ ಎಷ್ಟು ಸೋರುತ್ತಿತ್ತು ಊಹಿಸಿ. ಕೆಜಿಗೆ 30 ಗ್ರಾಂ ಸೋರಿದರೆ ಹಳೆ ದರದಲ್ಲಿ 2,700 ರೂಪಾಯಿ, 2 ಲಕ್ಷದ ದರದಲ್ಲಿ 6,000. ಮೂರು ಜೋಡಿಯ ಮಜೂರಿ ನೆಲಕ್ಕೆ ಬಿದ್ದಂತೆ. ಕೂರುವ ಜಾಗಕ್ಕೆ ದಪ್ಪ ಬಟ್ಟೆ ಹಾಸಿ. ಅರದ ಪುಡಿಯಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆಯಿರಿ. ಬೆಸುಗೆ ಹತ್ತಿದ ಚೂರನ್ನೂ ಚೊಕ್ಕ ಚೂರನ್ನೂ ಒಂದೇ ಡಬ್ಬಿಗೆ ಹಾಕಬೇಡಿ, ಬೆಸುಗೆಯಲ್ಲಿ ತಾಮ್ರ, ಸತು ಇರುತ್ತದೆ, ಒಟ್ಟಿಗೆ ಕರಗಿಸಿದರೆ ಇಡೀ ಮೂಸೆಯ ಗುಣ ಕೆಡುತ್ತದೆ. ಮೆರುಗಿನ ಹಳೆ ಬಟ್ಟೆಯನ್ನು ಬಯಲಲ್ಲಿ ಸುಟ್ಟು, ಬೂದಿಯನ್ನು ಬಿಳಿಗಾರದ ಜೊತೆ ಮೂಸೆಗೆ ಹಾಕಿದರೆ ಅದರಲ್ಲೂ ಗುಂಡು ಸಿಗುತ್ತದೆ.

ಹಳೆ ಬೆಳ್ಳಿಯನ್ನೂ ಮರೆಯಬೇಡಿ. ದರ ಏರಿದಾಗ ಜನ ಪೆಟ್ಟಿಗೆಯಲ್ಲಿದ್ದ ಸವೆದ ಗೆಜ್ಜೆ, ಮುರಿದ ಉಡಿದಾರ ಹೊರಗೆ ತೆಗೆಯುತ್ತಾರೆ. ಹಳೆಯದನ್ನು ತಂದುಕೊಡಿ, ಮಜೂರಿ ಕೊಟ್ಟು ಹೊಸದು ಒಯ್ಯಿರಿ ಎಂದು ನಿಮ್ಮ ಗಿರಾಕಿಗಳಿಗೆ ಹೇಳಿ. ಹಾಗೆ ಮಾಡಿದರೆ ಮತ್ತೆ ಮಾವನವರ ಪದ್ಧತಿಗೇ ಬಂದಿರಿ, ಬೆಳ್ಳಿ ಗಿರಾಕಿಯದು, ಕೆಲಸ ನಿಮ್ಮದು. ಆದರೆ ಅವರ ಕಣ್ಣೆದುರೇ ಕರಗಿಸಿ, ಕರಗಿಸುವ ಮೊದಲಿನ ತೂಕ, ನಂತರದ ತೂಕ, ಪರೀಕ್ಷೆಯಲ್ಲಿ ಬಂದ ಟಂಚ್ ಮೂರನ್ನೂ ಚೀಟಿಯಲ್ಲಿ ಬರೆದುಕೊಡಿ. ಅಜ್ಜಿಯ ಗೆಜ್ಜೆ 70 ಟಂಚ್ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ, ನೋಡಿದರೆ ನಂಬುತ್ತಾರೆ.

ಸಾಲ ಮಾಡಿ ಬೆಳ್ಳಿ ಕೊಂಡಿಡಲೇ ಎಂದು ಕೇಳಿದ್ದೀರಿ. ಬೇಡ ತಂಗಿ. ದರ ಏರಲು ನಿಜವಾದ ಕಾರಣಗಳಿವೆ. ಜಗತ್ತಿನಲ್ಲಿ ಬಳಕೆಯಾಗುವ ಬೆಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಸೌರಫಲಕ, ವಿದ್ಯುತ್ ಉಪಕರಣದಂಥ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತದೆ. ಬೆಳ್ಳಿಗಾಗಿಯೇ ತೆಗೆಯುವ ಗಣಿ ಕಡಿಮೆ, ಹೆಚ್ಚಿನದು ಸೀಸ, ಸತು, ತಾಮ್ರದ ಗಣಿಗಳಲ್ಲಿ ಜೊತೆಗೆ ಬರುವಂಥದ್ದು, ಹಾಗಾಗಿ ದರ ಏರಿತೆಂದು ಉತ್ಪಾದನೆ ತಟ್ಟನೆ ಏರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ, ನಮ್ಮಲ್ಲಿ ಬೆಳ್ಳಿಗೆ ಎಂಥ ಅಭಾವವಾಯಿತೆಂದರೆ ಕೆಲವು ಮ್ಯೂಚುವಲ್ ಫಂಡ್‌ಗಳು ಬೆಳ್ಳಿ ಯೋಜನೆಗೆ ಒಟ್ಟು ಮೊತ್ತದ ಹೊಸ ಹಣ ತೆಗೆದುಕೊಳ್ಳುವುದನ್ನೇ ಸ್ವಲ್ಪ ದಿನ ನಿಲ್ಲಿಸಿದ್ದವು. ಇಷ್ಟೆಲ್ಲ ಇದ್ದರೂ ಬೆಳ್ಳಿ ಬೀಳುವಾಗ ಹೇಳಿ ಬೀಳುವುದಿಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಹತ್ತಿರ ಹೋಗಿದ್ದು ಮಾರ್ಚ್ ಕೊನೆಗೆ ನೆಲ ಕಚ್ಚಿತು. 2011ರ ಏಪ್ರಿಲ್‌ನಲ್ಲಿ ಮತ್ತೆ 50ರ ಅಂಚಿಗೆ ಹೋಯಿತು, ನಮ್ಮಲ್ಲಿ ಕೆಜಿಗೆ 70 ಸಾವಿರ ದಾಟಿತು, ಮೇ ಮೊದಲ ವಾರದಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಕರಗಿತು.

ಆ ಏಪ್ರಿಲ್‌ನಲ್ಲಿ ನಮ್ಮ ತಂದೆ ಚೀಟಿ ಎತ್ತಿ 3 ಕೆಜಿ ಬೆಳ್ಳಿ ತಂದರು. ಅಷ್ಟು ವರ್ಷ ಬೆಳ್ಳಿ ತಟ್ಟಿದವರು, ಒರೆಗಲ್ಲಿಗೆ ಉಜ್ಜಿ ಟಂಚ್ ಹೇಳುವವರು, ಆದರೂ ದರದ ಮುಂದೆ ಅವರಿಗೂ ನಮಗೂ ವ್ಯತ್ಯಾಸವಿರಲಿಲ್ಲ. ಬೆಳ್ಳಿ ಹಾಗೇ ಇತ್ತು, ಚೀಟಿಯ ಕಂತು ಮಾತ್ರ ಪ್ರತಿ ತಿಂಗಳು ಬಂತು, ಕೊನೆಗೆ ನಷ್ಟದಲ್ಲೇ ಮಾರಿದರು. ಆ ದರ ನಮ್ಮ ದೇಶದಲ್ಲಿ ಮತ್ತೆ ಕಾಣಿಸಿದ್ದು 2020ರಲ್ಲಿ.

ದುಡಿಯುವ ಬಂಡವಾಳಕ್ಕೆ ಸಾಲ ಬೇಕೇಬೇಕು ಎಂದಾದರೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ನೋಡಿ. ಅದರ 18 ಕಸುಬುಗಳಲ್ಲಿ ಅಕ್ಕಸಾಲಿಗರದ್ದೂ ಇದೆ. ಅಡಮಾನವಿಲ್ಲದೆ ಮೊದಲ ಕಂತು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ, ಬಡ್ಡಿ 5 ಪರ್ಸೆಂಟ್, ಉಪಕರಣಕ್ಕೆ ಬೇರೆ 15,000 ನೆರವು. ಯೋಜನೆ ಬಂದಾಗ 1 ಲಕ್ಷಕ್ಕೆ ಕೆಜಿಗಿಂತ ಹೆಚ್ಚು ಬೆಳ್ಳಿ ಬರುತ್ತಿತ್ತು, ಕೆಜಿಗೆ 2 ಲಕ್ಷವಾದಾಗ ಅರ್ಧ ಕೆಜಿ. ಅದನ್ನು ಕೈಯಲ್ಲಿರುವ ಆರ್ಡರಿಗೆ ತಿರುಗಿಸಿ, ಪೆಟ್ಟಿಗೆಯಲ್ಲಿಟ್ಟು ಕಾಯಬೇಡಿ. ಬೆಳ್ಳಿ ಆಭರಣ ಅಡವಿಟ್ಟು ಸಾಲ ಪಡೆಯುವುದಕ್ಕೂ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, 2026ರ ಏಪ್ರಿಲ್ 1ರಿಂದ ಜಾರಿ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ 85 ಪರ್ಸೆಂಟ್ ತನಕ ಕೊಡಬಹುದು, ಗಟ್ಟಿಯನ್ನು ಒತ್ತೆ ಹಿಡಿಯುವಂತಿಲ್ಲ. ಮನೆಗೆ ಕಷ್ಟ ಬಂದಾಗ ಇದು ಆಸರೆ. ಬೆಳ್ಳಿ ಅಡವಿಟ್ಟು ಬೆಳ್ಳಿಯನ್ನೇ ಕೊಳ್ಳುವುದಕ್ಕಲ್ಲ. ದರ ಬಿದ್ದರೆ ಎರಡೂ ಕಡೆ ಒಟ್ಟಿಗೆ ಬೀಳುತ್ತೀರಿ.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ರಾಜ್ಯದೊಳಗೆ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ವರ್ಷಕ್ಕೆ 30 ಕೆಜಿ ಮಾಲು ಮಾಡುವವರದು ಹಳೆ ದರದಲ್ಲಿ ಬೆಳ್ಳಿಯೊಂದೇ 27 ಲಕ್ಷ, 2 ಲಕ್ಷದ ದರದಲ್ಲಿ 60 ಲಕ್ಷ. ಒಂದು ಕೊಂಡಿಯೂ ಹೆಚ್ಚು ಕೂಡಿಸದೆ ಮಿತಿ ದಾಟಿಬಿಡುತ್ತಾರೆ. ನೀವು ಇನ್ನೂ ಬಹಳ ದೂರ ಇದ್ದೀರಿ, ಆದರೆ ನಿಮ್ಮದು ಗಡಿಯೂರು. ಮಹಾರಾಷ್ಟ್ರದ ಗಿರಾಕಿಗೆ ಕಳಿಸಿದರೆ ಅದು ಹೊರರಾಜ್ಯದ ಮಾರಾಟ, ಅಲ್ಲಿ ಈ 40 ಲಕ್ಷದ ಮಿತಿ ನಡೆಯುವುದಿಲ್ಲ. ತೆರಿಗೆ ನೋಡುವವರನ್ನು ಒಮ್ಮೆ ಕೇಳಿ ಮುಂದುವರಿಯಿರಿ.

ಕೊನೆಗೆ ಟಂಚ್ ಇಳಿಸುವ ಮಾತು. 80 ಟಂಚ್ ಹೇಳಿ 60 ಕೊಡುವವರು ಎರಡು ವರ್ಷ ಗೆಲ್ಲುತ್ತಾರೆ. ಆಮೇಲೆ ಅದೇ ಗೆಜ್ಜೆ ಬದಲಿಗೆ ಬರುತ್ತದೆ, ಮೂಸೆಗೆ ಬೀಳುತ್ತದೆ. ದರ ಏರಿದಷ್ಟೂ ಜನ ಹಳೆಯದನ್ನು ಬೇಗ ಕರಗಿಸುತ್ತಾರೆ, ಸುಳ್ಳು ಹೊರಬೀಳುವುದೂ ಬೇಗ. ಕಡಿಮೆ ಟಂಚ್ ಮಾಡುವುದೇ ತಪ್ಪಲ್ಲ, ಹೇಳದಿರುವುದು ತಪ್ಪು. 60 ಗ್ರಾಂ 925 ಮಾಲಿನಲ್ಲಿ (ಸಾವಿರದಲ್ಲಿ 925 ಪಾಲು ಬೆಳ್ಳಿ ಇರುವುದು) ಚೊಕ್ಕ ಬೆಳ್ಳಿ 55.5 ಗ್ರಾಂ, ಅದಕ್ಕಷ್ಟೇ ಬೆಳ್ಳಿಯ ದರ ಹಿಡಿದು ಬಿಲ್ಲಿನಲ್ಲಿ ಹಾಗೇ ಬರೆಯಿರಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಆಭರಣಕ್ಕೂ ಆರು ಅಕ್ಷರ-ಅಂಕಿಯ ಗುರುತಿನ ಹಾಲ್‌ಮಾರ್ಕ್ ಬಂದಿದೆ. ಕಡ್ಡಾಯವಲ್ಲ, ಇಷ್ಟವಿದ್ದವರಿಗೆ. ಮುಖ ನೋಡದೆ ಫೋನಿನಲ್ಲಿ ಮಾರುವ ನಿಮ್ಮಂಥವರಿಗೆ ಇದು ಬಲ, ಭಾರದ ಮಾಲಿಗಾದರೂ ಹಾಕಿಸಿ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು, ನಿಕ್ಕಲ್‌ನ ಬೆರಕೆ, ನಿಕ್ಕಲ್ ಒಗ್ಗದ ಕಿವಿ ಕೆಂಪಾಗಿ ತುರಿಸುತ್ತದೆ. ಹೆಸರು ಹೇಳಿ ಮಾರಿದರೆ ಅದೂ ವ್ಯಾಪಾರವೇ, ಆದರೆ ಅಲ್ಲಿ ನೀವು ಯಂತ್ರದ ಅಚ್ಚಿನ ಜೊತೆ ಪೈಪೋಟಿಗೆ ಇಳಿಯುತ್ತೀರಿ. ಅದರ ಬದಲು ಒಮ್ಮೆ ಬೀದರಿಗೆ ಹೋಗಿಬನ್ನಿ. ಬಿದರಿಯವರು ಸತು ಮತ್ತು ಸ್ವಲ್ಪ ತಾಮ್ರದ ಬೆರಕೆಯಲ್ಲಿ ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸುತ್ತಾರೆ. ಕಪ್ಪಿನ ಮೇಲೆ ಬೆಳ್ಳಿ ಮಾತ್ರ ಹೊಳೆಯುತ್ತದೆ. ಬೆಳ್ಳಿ ದುಬಾರಿಯಾದದ್ದು ಅವರಿಗೂ ತಟ್ಟಿದೆ, ಆದರೆ ಅವರ ಲೋಲಕ, ಕಿವಿಯೋಲೆಯಲ್ಲಿ ಗಿರಾಕಿ ದುಡ್ಡು ಕೊಡುವುದು ಹೆಚ್ಚಾಗಿ ಕೆಲಸಕ್ಕೆ, ತೂಕಕ್ಕಲ್ಲ. ನಿಮ್ಮ ಮಾವನವರ ಕೈಯಲ್ಲಿರುವ ಕೊಂಡಿಯ ಹೆಣಿಗೆಯನ್ನು ಓಲೆಗೆ, ಕೊರಳ ಎಳೆಗೆ ಇಳಿಸಲು ಆದೀತೇ ಎಂದು ಅವರ ಜೊತೆ ಕೂತು ಮಾತಾಡಿ. ಮೊದಲ ಜೋಡಿಗೆ ಹಿಡಿದ ತಾಸು ಬರೆದು ಕಳಿಸಿದರೆ ಮಜೂರಿ ಎಷ್ಟು ಹಾಕಬೇಕೆಂದು ನಾನೇ ಲೆಕ್ಕ ಮಾಡಿ ಹೇಳುತ್ತೇನೆ.